ಜಿಪುಣನ ಹೊಟ್ಟೆ

ಹೊಟ್ಟೆ ಕರಗಿಸಬೇಕೆಂಬ ಆಸೆಗಿಂತ ದುಡ್ಡು ಉಳಿಸಬೇಕೆಂಬ ಆಸೆ ನನ್ನಲ್ಲಿ ಹಳೆಯದು. ಷಿಕಾಗೊ ಹತ್ತಿರದ ನಮ್ಮೂರಿನ ಕನ್ನಡದವರೆಲ್ಲ, ನಾನು ಆರೋಗ್ಯದ ಕಾಳಜಿಯಿಂದ, ಮಂದ ಶಾಖದಲ್ಲಿ ಗಂಟೆಗಟ್ಟಲೆ ಬೇಯಿಸುವ ಸ್ಲೋ ಕುಕ್ಕರ್ ಹಿಡಿದೆ ಅಂದುಕೊಂಡಿದ್ದಾರೆ. ನಾನೂ ಅಲ್ಲವೆಂದು ಹೇಳಲು ಹೋಗಿಲ್ಲ. ‘ಪ್ರೋಟೀನ್ ಜಾಸ್ತಿ, ಕಾರ್ಬ್ಸ್ ಕಮ್ಮಿ’ ಎಂದರೆ ಎದುರಿಗಿದ್ದವರು ಗೌರವದಿಂದ ತಲೆಯಾಡಿಸುತ್ತಾರೆ. ‘ಹೊಸ ಪ್ಯಾಂಟು ಕೊಳ್ಳೋ ಖರ್ಚು ತಪ್ಪುತ್ತೆ’ ಎಂದರೆ ಆ ಗೌರವ ಎಲ್ಲಿಂದ ಬರಬೇಕು? ನಿಜ ಮಾತ್ರ ಎರಡನೆಯದೇ. ನಮ್ಮಂಥ ಗಂಡಸರ ಸೊಂಟ 90 ಸೆಂಟಿಮೀಟರ್ ದಾಟಬಾರದೆಂದು ಡಾಕ್ಟರು ಹೇಳಿದಾಗ ಸುಮ್ಮನಿದ್ದವನು, ಬೀರುವಿನಲ್ಲಿದ್ದ ಅಷ್ಟೂ ಪ್ಯಾಂಟಿನ ಗುಂಡಿ ಕೂಡದೇ ಹೋದಾಗ ಎಚ್ಚೆತ್ತೆ.

ಆಮೇಲೆ ಲೆಕ್ಕ ಶುರುವಾಯಿತು. ನನಗೆ ಲೆಕ್ಕವೆಂದರೆ ಹಬ್ಬ. ನಮ್ಮ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ (ಐಸಿಎಂಆರ್) ಹೇಳುವ ಪ್ರಕಾರ ದೊಡ್ಡವರಿಗೆ ದಿನಕ್ಕೆ ಪ್ರತಿ ಕಿಲೋ ತೂಕಕ್ಕೆ 0.83 ಗ್ರಾಂ ಪ್ರೋಟೀನ್ ಸಾಕು. ತೂಕ ಇಳಿಸುವವರಿಗೆ ಇನ್ನಷ್ಟು ಬೇಕು, ಇಲ್ಲದಿದ್ದರೆ ಕೊಬ್ಬಿನ ಜೊತೆ ಸ್ನಾಯುವೂ ಕರಗುತ್ತದೆ. ಕಿಲೋಗೆ 1.2 ಗ್ರಾಂ ಹಿಡಿದರೆ 80 ಕಿಲೋ ತೂಗುವ ನನಗೆ 96 ಗ್ರಾಂ. ಪ್ರೋಟೀನ್ ತಿಂದರೆ ಹೊಟ್ಟೆ ತುಂಬಿದ ಹಾಗಿರುವುದು ಹೆಚ್ಚು ಹೊತ್ತು. ಅದನ್ನು ಅರಗಿಸುವುದಕ್ಕೇ ಅದರ ಕ್ಯಾಲೊರಿಯಲ್ಲಿ 20ರಿಂದ 30 ಪರ್ಸೆಂಟ್ ಖರ್ಚಾಗುತ್ತದೆ. ಅಂಗಡಿಯಲ್ಲಿ ಪ್ರತಿ ಪೊಟ್ಟಣದ ಬೆನ್ನು ತಿರುಗಿಸಿ, ಒಂದು ಗ್ರಾಂ ಪ್ರೋಟೀನಿಗೆ ಎಷ್ಟು ಸೆಂಟ್ ಬಿತ್ತೆಂದು ಫೋನಿನಲ್ಲಿ ಭಾಗಿಸತೊಡಗಿದೆ. ಪ್ರೋಟೀನ್ ಪುಡಿಯ ಡಬ್ಬಿ ಎತ್ತಿದಷ್ಟೇ ಬೇಗ ಕೆಳಗಿಟ್ಟೆ. ಗೆದ್ದದ್ದು ಮೂಳೆಸಮೇತದ ಕೋಳಿ ತೊಡೆ, ಮಸೂರ್ ಬೇಳೆ, ಮೊಟ್ಟೆ ಮತ್ತು ಇಂಡಿಯನ್ ಅಂಗಡಿಯ ಮೂಲೆಯಲ್ಲಿ ಬಿದ್ದಿದ್ದ ಹುರುಳಿಕಾಳು. ಹುರುಳಿಯಲ್ಲಿ 100 ಗ್ರಾಂಗೆ ಸುಮಾರು 22 ಗ್ರಾಂ ಪ್ರೋಟೀನ್ ಇದೆ.

ಸ್ಲೋ ಕುಕ್ಕರಿನ ಹುಟ್ಟಿನಲ್ಲೂ ಕಾಳಿನ ಕಥೆಯೇ ಇದೆ. ಇದೇ ಷಿಕಾಗೊದಲ್ಲಿದ್ದ ಅರ್ವಿಂಗ್ ನ್ಯಾಕ್ಸನ್ ಅದಕ್ಕೆ 1940ರಲ್ಲಿ ಪೇಟೆಂಟ್ ಪಡೆದರು. ಲಿಥುವೇನಿಯಾದಲ್ಲಿ ಬೆಳೆದ ಅವರ ತಾಯಿ, ಯೆಹೂದಿಗಳ ವಿಶ್ರಾಂತಿಯ ದಿನವಾದ ಸಬ್ಬತ್‌ನಂದು ಒಲೆ ಹಚ್ಚುವಂತಿಲ್ಲವೆಂದು ಶುಕ್ರವಾರವೇ ಕಾಳು ತುಂಬಿದ ಗಡಿಗೆಯನ್ನು ಬೇಕರಿಯ ಆರುತ್ತಿರುವ ಒಲೆಯಲ್ಲಿಡುತ್ತಿದ್ದ ಬಗೆಯನ್ನು ಹೇಳುತ್ತಿದ್ದರಂತೆ. 1970ರಲ್ಲಿ ರೈವಲ್ ಕಂಪನಿ ಇವರ ವ್ಯವಹಾರ ಕೊಂಡಿತು, ಮರುವರ್ಷ ‘ಕ್ರಾಕ್ ಪಾಟ್’ ಬಂತು. 200 ವ್ಯಾಟ್ ಆಸುಪಾಸಿನ ಯಂತ್ರ. ಎಂಟು ಗಂಟೆ ಇಟ್ಟರೂ ಎರಡು ಯೂನಿಟ್ ದಾಟದು. ಇದಕ್ಕಿಂತ ನನಗೆ ಬೇರೆ ಶಿಫಾರಸು ಬೇಕಿರಲಿಲ್ಲ.

‘ಏನು ಅಡುಗೆ ಮಾಡ್ಕೊಂಡ್ಯಪ್ಪಾ?’ ಎಂದು ಫೋನಿನಲ್ಲಿ ಅಮ್ಮ ಕೇಳಿದಳು. ಹುರುಳಿ ಎಂದೆ. ‘ಅಲ್ಲಿಗೆ ಹೋಗಿ ಹುರುಳೀನೇ ತಿನ್ನೋದಾಗಿದ್ರೆ ಇಲ್ಲೇ ಇರಬಹುದಿತ್ತಲ್ಲೋ!’ ಅರಸೀಕೆರೆ ಕಡೆಯ ನಮ್ಮ ಮನೆಯಲ್ಲಿ ಎತ್ತುಗಳಿಗೆಂದು ದೊಡ್ಡ ಹಂಡೆಯಲ್ಲಿ ಹುರುಳಿ ಬೇಯುತ್ತಿತ್ತು. ರಾತ್ರಿ ಕೆಂಡದ ಮೇಲೆ ಬಿಟ್ಟರೆ ಬೆಳಗಾಗುವಷ್ಟರಲ್ಲಿ ಕಂದು ಬಣ್ಣದ ಗಟ್ಟಿ ಕಟ್ಟು. ಅಜ್ಜಿ ಅದನ್ನು ಬಸಿದು, ಹುಣಸೆಹಣ್ಣು, ಜಜ್ಜಿದ ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಕುದಿಸುತ್ತಿದ್ದಳು. ಕುದಿಸಿದಷ್ಟೂ ರುಚಿ. ಕಟ್ಟು ನಮಗೆ, ಕಾಳು ಎತ್ತಿನ ಬಾನಿಗೆ. ಈಗ ಲೆಕ್ಕ ಹಾಕಿದರೆ ನಗು ಬರುತ್ತದೆ: ಪ್ರೋಟೀನಿನ ಹೆಚ್ಚು ಪಾಲು ಕಾಳಿನಲ್ಲೇ ಉಳಿಯುತ್ತದೆ. ಬೆಟ್ಟದಷ್ಟು ಅನ್ನಕ್ಕೆ ಆ ಸಾರು ಕಲಸಿ ನಾವು ಉಂಡೆವು, ಎತ್ತುಗಳು ಗಟ್ಟಿಯಾದವು. ಹಾಗಾಗಿ ಇಲ್ಲಿ ನಾನು ಬಸಿಯುವುದಿಲ್ಲ. ನೆನೆಸಿದ ಕಾಳನ್ನು ಒಂದಷ್ಟು ಹೊತ್ತು ಜೋರಾಗಿ ಕುದಿಸಿ, ಈರುಳ್ಳಿ, ಟೊಮ್ಯಾಟೊ ಜೊತೆ ಸ್ಲೋ ಕುಕ್ಕರಿಗೆ ಸುರಿದು ಕಾಳುಸಮೇತ ತಿನ್ನುತ್ತೇನೆ.

ಕುದಿಸುವ ಕೆಲಸ ಉಳಿಸಬೇಕೆಂಬ ಚಪಲವೂ ಇತ್ತು. ರಾಜ್ಮಾ ವಿಷಯದಲ್ಲಿ ಅದು ನಡೆಯುವುದಿಲ್ಲ. ಹಸಿ ರಾಜ್ಮಾದಲ್ಲಿರುವ ವಿಷ ಸ್ಲೋ ಕುಕ್ಕರಿನ ಮಂದ ಶಾಖಕ್ಕೆ ಹೋಗದು. ಐದು ಗಂಟೆಯಾದರೂ ನೆನೆಸಿ, ಆ ನೀರು ಚೆಲ್ಲಿ, ಹೊಸ ನೀರಿನಲ್ಲಿ 30 ನಿಮಿಷ ಕುದಿಸಿ ಎನ್ನುತ್ತದೆ ಇಲ್ಲಿನ ಆಹಾರ-ಔಷಧ ಇಲಾಖೆ, ಎಫ್‌ಡಿಎ. ಚೆಲ್ಲುವುದೆಂದರೆ, ನೀರೇ ಆಗಲಿ, ನನಗೆ ಸಂಕಟ. ಕೋಳಿಯ ಚರ್ಮ ಸುಲಿದು ಬಿಸಾಡುವಾಗಲಂತೂ, ತೂಕದಲ್ಲಿ ಇದಕ್ಕೂ ದುಡ್ಡು ಕೊಟ್ಟೆನಲ್ಲ ಎಂದು ಕೈ ತಡೆಯುತ್ತದೆ.

ಆ ಕೈ ತಡೆದದ್ದನ್ನೇ ಒಂದು ದಿನ ಗಮನಿಸಿದೆ. ನನ್ನ ಹೊಟ್ಟೆ ಬೆಳೆದದ್ದು ಹಸಿವಿನಿಂದಲ್ಲ, ನಾಲಿಗೆ ಚಪಲದಿಂದಲೂ ಅಲ್ಲ. ಎಲೆಯಲ್ಲಿ ಒಂದಗುಳು ಬಿಟ್ಟರೆ ಅಜ್ಜ ಏಳಲು ಬಿಡುತ್ತಿರಲಿಲ್ಲ. ಆ ಪಾಠ ನನ್ನ ಎಲೆಗಷ್ಟೇ ನಿಲ್ಲಲಿಲ್ಲ. ಮಗಳು ಬಿಟ್ಟ ಅರ್ಧ ಪಾಸ್ತಾ, ಪಾತ್ರೆಯ ತಳದಲ್ಲಿ ಉಳಿದ ಚಿತ್ರಾನ್ನ, ನಾಳೆ ಹಳಸಬಹುದಾದ ಪಾಯಸ, ಎಲ್ಲವನ್ನೂ ಅಡುಗೆಮನೆ ಕಟ್ಟೆಗೆ ಒರಗಿ ನಿಂತೇ ಮುಗಿಸುತ್ತಿದ್ದೆ. ‘ಈ ಮನೆಗೆ ಕಸದ ಬುಟ್ಟಿ ಬೇರೆ ಯಾಕ್ರೀ, ನೀವಿದ್ದೀರಲ್ಲ’ ಎಂದಳು ಹೆಂಡತಿ. ಅವಳ ಮಾತಿಗೆ ಎಲ್ಲರೂ ನಕ್ಕರು, ನಾನೂ ನಕ್ಕೆ. ಮಿತವ್ಯಯ ಎಂದು ನಾನು ಹೆಮ್ಮೆಪಟ್ಟುಕೊಂಡದ್ದೆಲ್ಲ ಹೊಕ್ಕುಳ ಸುತ್ತ ಠೇವಣಿಯಾಗಿತ್ತು.

ಹಾಗಿದ್ದರೆ ಆರು ಕ್ವಾರ್ಟಿನ ಈ ದೊಡ್ಡ ಪಾತ್ರೆ ನನ್ನಂಥವನಿಗೆ ಅಪಾಯವೇ ಅಲ್ಲವೇ? ಮೊದಲು ಆದದ್ದೂ ಅದೇ: ಮಾಡಿದ್ದು ಉಳಿಯಬಾರದೆಂದು ಪ್ರೋಟೀನನ್ನೂ ಬಕಾಸುರನಂತೆ ತಿಂದೆ. ಕಾಪಾಡಿದ್ದು ಫ್ರೀಜರ್. ಅಡುಗೆ ಆದೊಡನೆ ಸಣ್ಣ ಡಬ್ಬಿಗಳಿಗೆ ಹಂಚಿ, ಎರಡು ಗಂಟೆಯೊಳಗೆ ಒಳಗಿಟ್ಟರೆ ಯಾವುದೂ ಹಾಳಾಗದು, ಯಾವುದನ್ನೂ ಮುಗಿಸಬೇಕಿಲ್ಲ. ಜಿಪುಣತನ ಬಿಡಲಿಲ್ಲ, ಅದು ಕೂಡಿಡುವ ಜಾಗ ಬದಲಾಯಿತಷ್ಟೆ. ಸಾಲಾಗಿ ಜೋಡಿಸಿದ ಡಬ್ಬಿಗಳನ್ನು ನೋಡಿದರೆ ಪಾಸ್‌ಬುಕ್ ತೆರೆದಷ್ಟು ನೆಮ್ಮದಿ. ಪ್ಯಾಂಟಿನ ಗುಂಡಿಯೂ ಕೂಡುತ್ತಿದೆ, ಉಸಿರು ಬಿಗಿಹಿಡಿಯದೆಯೇ.

ಆದರೆ ಆಫೀಸಿನಲ್ಲಿ ಮಧ್ಯಾಹ್ನದ ಮೀಟಿಂಗ್ ಮುಗಿದ ಮೇಲೆ ಪಿಜ್ಜಾ ಉಳಿಯುತ್ತದೆ. ಎಲ್ಲರೂ ಎದ್ದುಹೋದ ಮೇಲೂ ನಾನು ಕಾಗದ ಜೋಡಿಸುವ ನೆಪದಲ್ಲಿ ಅಲ್ಲೇ ಇರುತ್ತೇನೆ. ಚೀಸಿನಲ್ಲೂ ಪ್ರೋಟೀನ್ ಇದೆಯಲ್ಲವೇ? ಅದೂ ಗ್ರಾಂಗೆ ಸೊನ್ನೆ ಸೆಂಟಿನಂತೆ. ನನ್ನ ಲೆಕ್ಕದ ಪಟ್ಟಿಯಲ್ಲಿ ಆ ದರವನ್ನು ಹುರುಳಿಕಾಳೂ ಮುರಿದಿಲ್ಲ. ಕಳೆದ ಸಲ ಎರಡು ತುಂಡು ಅಲ್ಲೇ ತಿಂದೆ, ಮೂರು ತುಂಡು ಮಗಳಿಗೆಂದು ಕಟ್ಟಿಕೊಂಡೆ. ಅವಳಿಗೆ ಪಿಜ್ಜಾ ಸೇರುವುದಿಲ್ಲ.