ನಮ್ಮ ಮಾಳಿಗೆ, ಅವರ ಲಾರಿ

ನಾನು ಚಿಕ್ಕನರಗುಂದಕ್ಕೆ ಸೊಸೆಯಾಗಿ ಬಂದಾಗ ನಮ್ಮದು ಮಣ್ಣಿನ ಮಾಳಿಗೆಯ ಮನೆ. ಮಿರಗದ ಮಳೆ ಹತ್ತಿರ ಬಂತೆಂದರೆ ಅತ್ತಿಯವರು ಕಚ್ಚೆ ಬಿಗಿದು ನಿಚ್ಚಣಿಕೆ ಹತ್ತುತ್ತಿದ್ದರು. ಬೆಳೆದ ಹುಲ್ಲು ಕೀಳುವುದು, ಇರುವೆ ಮಾಡಿದ ತೂತು ಮುಚ್ಚುವುದು, ಹರನಾಳಿಗೆಯ ಕಸ ತೆಗೆಯುವುದು. ಮನೆ ಸೋರೀತೆಂಬುದಕ್ಕಿಂತ ನಮ್ಮ ನೀರು ಪಕ್ಕದವರ ಗೋಡೆಗೆ ಬಡಿದೀತೆಂಬುದೇ ಅವರಿಗೆ ದೊಡ್ಡ ಚಿಂತೆ. ‘ಮಾಳಿಗಿ ನಮ್ದಿದ್ರೂ ಅದರ ನೀರು ಮಂದಿ ಮ್ಯಾಲ ಬೀಳಬಾರ್ದವಾ’ ಎನ್ನುತ್ತಿದ್ದರು. ನಾನು ಒಳಗೊಳಗೇ ನಗುತ್ತಿದ್ದೆ.

ಆ ಮಾತು ಮತ್ತೆ ನೆನಪಾದದ್ದು ಅಮೆರಿಕದ ಪೆನ್ಸಿಲ್ವೇನಿಯಾದಲ್ಲಿ. 2024ರ ಜನವರಿ; ಮಗಳ ಬಾಣಂತನಕ್ಕೆಂದು ಹೋಗಿದ್ದೆ. ಕೂಸನ್ನು ಡಾಕ್ಟರರಿಗೆ ತೋರಿಸಬೇಕಿತ್ತು. ರಾತ್ರಿಯಿಡೀ ಹಿಮ ಬಿದ್ದಿತ್ತು. ಮಗಳು ಕಾರಿನ ಮುಂದಿನ ಗಾಜನ್ನಷ್ಟೇ ಕೆರೆದು, ‘ಮುಂದ ಕಂಡ್ರ ಸಾಕವಾ, ಹೊತ್ತಾಗೇತಿ’ ಎಂದು ಹೊರಟೇಬಿಟ್ಟಳು.

ಹೆದ್ದಾರಿಯಲ್ಲಿ ಮುಂದಿದ್ದ ಲಾರಿಯ ನೆತ್ತಿಯಿಂದ ಬಾಗಿಲಿನಷ್ಟಗಲದ ಮಂಜುಗಡ್ಡೆಯ ಹಲಗೆಯೊಂದು ಎದ್ದು ಹಾರಿ ಬಂದು ಗಾಜಿಗೆ ಅಪ್ಪಳಿಸಿತು. ಗಾಜು ಜೇಡನ ಬಲೆಯಂತೆ ಬಿರಿಯಿತು. ಮಗಳು ಹೇಗೋ ಕಾರನ್ನು ಪಕ್ಕಕ್ಕೆ ತಂದು ನಿಲ್ಲಿಸಿದಳು. ಕೂಸು ಎಚ್ಚರವಾಗಲಿಲ್ಲ, ನನ್ನ ಕೈ ಮಾತ್ರ ಎಷ್ಟೋ ಹೊತ್ತು ನಡುಗುತ್ತಿತ್ತು. ಲಾರಿಯವನಿಗೆ ಗೊತ್ತೂ ಆಗಿರಲಿಕ್ಕಿಲ್ಲ, ತನ್ನ ಪಾಡಿಗೆ ತಾನು ಹೋದ. ಅವನನ್ನು ಬೈಯುತ್ತ ಕೆಳಗಿಳಿದು ನೋಡುತ್ತೇನೆ, ನಮ್ಮ ಕಾರಿನ ತಲೆಯ ಮೇಲೂ ನಾಲ್ಕು ಬೆರಳು ಹಿಮ!

ರಾತ್ರಿ ಅಳಿಯಂದಿರು ಬಿಡಿಸಿ ಹೇಳಿದರು. ಅಲ್ಲಿಯ ದೊಡ್ಡ ಲಾರಿಗಳ ಪೆಟ್ಟಿಗೆ 53 ಅಡಿ ಉದ್ದ, ನೆತ್ತಿ ನೆಲದಿಂದ ಹದಿಮೂರೂವರೆ ಅಡಿ ಎತ್ತರ. ಹಗಲು ಕರಗಿದ ಹಿಮ ರಾತ್ರಿ ಹೆಪ್ಪುಗಟ್ಟಿ ಹಲಗೆಯಾಗುತ್ತದೆ. ಒಂದಿಂಚು ದಪ್ಪ ಕೂತರೂ ಸುಮಾರು ಒಂದು ಟನ್ ಭಾರ. ವೇಗದ ಗಾಳಿಗೆ ಅದು ಮೇಲೇಳುತ್ತದೆ. ಹತ್ತಿ ತೆಗೆಯೋಣವೆಂದರೆ ಕಾಲು ಜಾರಿ ಚಾಲಕನೇ ಬಿದ್ದಾನು. ಕೆಲವು ದೊಡ್ಡ ಡಿಪೋಗಳಲ್ಲಿ ಕಮಾನಿನಂಥ ಚೌಕಟ್ಟಿರುತ್ತದೆ. ಲಾರಿ ಅದರಡಿ ನಿಧಾನವಾಗಿ ಹಾಯ್ದರೆ ಮೇಲಿನ ಹಲಗೆ ಹಿಮವನ್ನು ಕೆರೆದು ತಳ್ಳುತ್ತದೆ. ಇಲ್ಲದ ಕಡೆ ಅಟ್ಟಣಿಗೆಯ ಮೇಲೆ ನಿಂತು ಉದ್ದ ಕೋಲಿನ ಗೋರೆಯಿಂದ ಎಳೆಯಬೇಕು. ದಾರಿಯಲ್ಲಿ ಒಬ್ಬಂಟಿಯಾದ ಚಾಲಕನಿಗೆ ಎರಡೂ ಇಲ್ಲ. ಇದನ್ನು ಕೇಳಿ ನನ್ನ ಸಿಟ್ಟು ಅರ್ಧ ಇಳಿಯಿತು.

2005ರ ಕ್ರಿಸ್‌ಮಸ್ ದಿನ ಆ ರಾಜ್ಯದಲ್ಲೇ ಲಾರಿಯಿಂದ ಹಾರಿದ ಮಂಜುಗಡ್ಡೆ ಬಡಿದು ಒಬ್ಬ ಹೆಣ್ಣುಮಗಳು ತೀರಿಕೊಂಡಳಂತೆ. ಹಿಮ ನಿಂತ 24 ಗಂಟೆಯೊಳಗೆ ಲಾರಿಯಿರಲಿ, ಕಾರಿರಲಿ, ಮೇಲಿನದನ್ನು ತೆಗೆಯಲು ತಕ್ಕ ಪ್ರಯತ್ನ ಮಾಡಲೇಬೇಕೆಂಬ ಕಾನೂನು ಬಂದದ್ದು 2022ರಲ್ಲಿ. ನಮ್ಮ ಅತ್ತಿಯವರಿಗೆ ಯಾವ ಕಾನೂನೂ ಬೇಕಾಗಿರಲಿಲ್ಲ.

ಮರುದಿನ ಬೆಳಿಗ್ಗೆ ಸ್ವೆಟರಿನ ಮೇಲೆ ಸೆರಗು ಸಿಕ್ಕಿಸಿ, ಸ್ಟೂಲು ಹತ್ತಿ, ಅಳಿಯಂದಿರ ಕಾರಿನ ತಲೆ ಗುಡಿಸತೊಡಗಿದೆ. ಅವರು ಓಡಿ ಬಂದರು. ‘ನಿಮಗ್ಯಾಕ್ರಿ ಅತ್ತಿಯವರ ಈ ಥಂಡ್ಯಾಗ? ಗಾಜು ಒರಸೀನಲ್ರಿ!’

‘ಹಿಂದ ಬರೂ ಗಾಡ್ಯಾಗೂ ಕೂಸು ಇರ್ತಾವಪ್ಪಾ’ ಎಂದೆ. ಇನ್ನೊಂದು ಗೋರೆ ತಂದು ಅವರೂ ಆ ಕಡೆ ನಿಂತರು.