ಕಾಳಿನ ಹಾಲಿಗೆ ಕಾವಲು

ಧಾರವಾಡದಲ್ಲಿ ಕೂತು ಸೋಯಾ ಹಾಲು ಮಾಡುವುದು ಊರಿಗೆ ಬಗೆಯುವ ಸಣ್ಣ ದ್ರೋಹವೇ ಸರಿ. ಗೌಳಿಗರ ಎಮ್ಮೆ ಹಾಲನ್ನು ಕಾಸಿ ಕಾಸಿ, ಕೆಂಪಗೆ ಹುರಿದು ಪೇಢೆ ಕಟ್ಟಿ ಹೆಸರಾದ ಊರಿದು. ಬೆಳಿಗ್ಗೆ ಹಾಲಿನವನು ಬಾಗಿಲಲ್ಲಿ ಗಂಟೆ ಬಾರಿಸುವಾಗ ನಾನು ಒಳಗೆ ಮಿಕ್ಸಿಯಲ್ಲಿ ಕಾಳು ರುಬ್ಬುತ್ತಿರುತ್ತೇನೆ. “ಕಾಳು ಹಿಂಡಿದ್ರ ಹಾಲ ಬರೂದಾದ್ರ ಎಮ್ಮಿ ಯಾಕ ಸಾಕಬೇಕವಾ?” ಎಂದು ನಮ್ಮ ಅತ್ತೆಯವರು ಕೇಳಿದ್ದುಂಟು. ಮಗಳಿಗೆ ಆಕಳ ಹಾಲು ಆಗಿಬರುವುದಿಲ್ಲ ಎಂಬುದು ನಾನು ಕೊಡುತ್ತಿದ್ದ ಉತ್ತರ. ಅವಳು ಓದಲು ಬೇರೆ ಊರಿಗೆ ಹೋದ ಮೇಲೂ ಕಾಳು ನೆನೆಹಾಕುವುದನ್ನು ನಾನು ನಿಲ್ಲಿಸಲಿಲ್ಲ. ಆಮೇಲೆ ಅತ್ತೆಯವರೂ ಕೇಳಲಿಲ್ಲ.

ಹಾಲು ತೆಗೆಯುವುದು ಒಂದು ತಾಸಿನ ಕೆಲಸ. ನನಗೆ ಅದಕ್ಕಿಂತ ಹೆಚ್ಚು ಹುರುಪು ತೆಗೆದ ಹಾಲನ್ನು ಕಾಯುವುದರಲ್ಲಿ. ಕಾವಲು ಶುರುವಾಗುವುದು ಫ್ರಿಜ್ಜಿನಲ್ಲಿ ಅಲ್ಲ, ಕಾಳಿನ ಡಬ್ಬಿಯಲ್ಲಿ. ಒಣಕಾಳಿನೊಳಗೆ ಇರುವಷ್ಟು ದಿನ ಹಾಲು ಕ್ಷೇಮ. ಅಲ್ಲಿಂದ ಹೊರಬಿದ್ದ ಕ್ಷಣದಿಂದ ಅದರ ಆಯುಷ್ಯ ಕರಗತೊಡಗುತ್ತದೆ. ಹಾಗೆಂದು ಕಾಳು ಎಷ್ಟು ಹಳತಾದರೂ ನಡೆಯುತ್ತದೆಂದಲ್ಲ. ಸುಮಾರು ಐದನೇ ಒಂದು ಪಾಲು ಎಣ್ಣೆ ಇರುವ ಕಾಳಿದು. ಒಂದು ಮಳೆಗಾಲ ದಾಟಿದರೆ ಬೇಗ ನೆನೆಯುವುದಿಲ್ಲ, ಹಾಲೂ ಕಡಿಮೆ. ಸೋಯಾ ಬೀಜ ಬೇಗ ಮೊಳಕೆಶಕ್ತಿ ಕಳೆದುಕೊಳ್ಳುತ್ತದೆಂಬುದು ಬಿತ್ತುವವರಿಗೆಲ್ಲ ಗೊತ್ತು. ಬೆಳಗಾವಿ, ಧಾರವಾಡ, ಹಾವೇರಿ, ಬೀದರ್ ಕಡೆ ಮುಂಗಾರಿಗೆ ಬಿತ್ತಿದ್ದು ದಸರೆಯ ಆಸುಪಾಸಿಗೆ ರಾಶಿಯಾಗುತ್ತದೆ. ಎಲೆಗೆ ಬರುವ ತುಕ್ಕು ರೋಗವನ್ನು ತಡೆದುಕೊಳ್ಳುವ ಡಿಎಸ್‌ಬಿ 21 ಎಂಬ ತಳಿ ನಮ್ಮ ಊರಿನ ಕೃಷಿ ವಿಶ್ವವಿದ್ಯಾಲಯದ್ದೇ. ಇಷ್ಟೆಲ್ಲ ಬೆಳೆದೂ ಬೆಳೆದವರ ಮನೆಯ ಒಲೆಗೆ ಈ ಕಾಳು ಏರುವುದು ಅಪರೂಪ. ಅದು ಹೊಲದಿಂದ ಮಾರುಕಟ್ಟೆಗೆ, ಅಲ್ಲಿಂದ ಎಣ್ಣೆ ಕಾರ್ಖಾನೆಗೆ ಹೋಗುವ ಮಾಲು. ನಾನು ದೀಪಾವಳಿ ಹೊತ್ತಿಗೆ ಹೊಸಕಾಳು ತರಿಸಿ, ಎರಡು ಬಿಸಿಲು ಕೊಟ್ಟು ಡಬ್ಬಿ ತುಂಬಿಸುತ್ತೇನೆ.

ರಾತ್ರಿ ನೆನೆಹಾಕಿದರೆ ಬೆಳಿಗ್ಗೆಗೆ ಕಾಳು ಎರಡು ಪಟ್ಟಿಗಿಂತ ಹೆಚ್ಚು ತೂಗುತ್ತದೆ. ನೆನೆದಿದೆಯೋ ಇಲ್ಲವೋ ನೋಡಲು ಗಡಿಯಾರ ಬೇಕಿಲ್ಲ. ಒಂದು ಕಾಳಿನ ಸಿಪ್ಪೆ ಸುಲಿದು ಎರಡು ಬೇಳೆ ಬಿಡಿಸಿ ಒಳಮೈ ನೋಡಿದರಾಯಿತು: ಸಪಾಟಾಗಿದ್ದರೆ ಸರಿ, ನಡುವೆ ತಗ್ಗು ಇದ್ದರೆ ಇನ್ನಷ್ಟು ಹೊತ್ತು ಬೇಕು. ಏಪ್ರಿಲ್ ಬಿಸಿಲಲ್ಲಿ ನೆನೆಹಾಕಿದ ನೀರೇ ಹುಳಿ ಬಂದು ನೊರೆ ಕಟ್ಟುತ್ತದೆ. ಆಗ ಬೋಗುಣಿಯನ್ನು ಫ್ರಿಜ್ಜಿನೊಳಗೇ ಇಟ್ಟುಬಿಡುವುದು ಲೇಸು. ಊರಿಗೆ ಹೋಗುವ ಅವಸರವಿದ್ದರೆ ನೆನೆದ ಕಾಳನ್ನು ಬಸಿದು ಫ್ರೀಜರಿಗೆ ಹಾಕಿ ನಿಶ್ಚಿಂತೆಯಿಂದ ಬಸ್ಸು ಹತ್ತಬಹುದು. ಹಾಲನ್ನು ಮಾಡಿಟ್ಟು ಹೋಗುವುದಕ್ಕಿಂತ ಇದು ಎಷ್ಟೋ ಮೇಲು.

ಸೋಯಾ ಹಾಲು ಅಂದರೆ ಮೂಗು ಮುರಿಯುವವರು ಮುರಿಯುವುದು ಅದರ ಹಸಿ ವಾಸನೆಗೆ. ಆ ವಾಸನೆ ಇಡೀ ಕಾಳಿನಲ್ಲಿ ಇರುವುದಿಲ್ಲ, ನಾವು ರುಬ್ಬುವಾಗ ಹುಟ್ಟುತ್ತದೆ. ಕಾಳು ಒಡೆದು ನೀರೂ ಗಾಳಿಯೂ ಸೋಕಿದೊಡನೆ ಲಿಪಾಕ್ಸಿಜಿನೇಸ್ ಎಂಬ ಕಿಣ್ವ ಅದರ ಎಣ್ಣೆಯ ಮೇಲೆ ಕೈಯಿಡುತ್ತದೆ. ಅಮೆರಿಕದ ಕಾರ್ನೆಲ್ ವಿಶ್ವವಿದ್ಯಾಲಯದವರು 1960ರ ದಶಕದಲ್ಲಿ ಇದಕ್ಕೊಂದು ಸರಳ ಮದ್ದು ಕಂಡುಕೊಂಡರು. 80 ಡಿಗ್ರಿ ಸೆಲ್ಸಿಯಸ್‌ಗೂ ಮೇಲಿನ ಬಿಸಿನೀರಿನಲ್ಲೇ ರುಬ್ಬಿದರೆ ಕಿಣ್ವಕ್ಕೆ ಕೆಲಸ ಮಾಡಲು ಪುರಸೊತ್ತೇ ಸಿಗುವುದಿಲ್ಲ. ನಾನು ಅದೇ ದಾರಿಯವಳು. ಆದರೆ ಕುದಿನೀರು ಹಾಕಿದ ಮಿಕ್ಸಿ ಜಾರು ಹುಡುಗಾಟದ ವಸ್ತುವಲ್ಲ. ಅರ್ಧಕ್ಕಿಂತ ಹೆಚ್ಚು ತುಂಬಿಸಬಾರದು. ಮುಚ್ಚಳದ ಮೇಲೆ ದಪ್ಪ ಅರಿವೆ ಒತ್ತಿ ಹಿಡಿದು, ನಿಲ್ಲಿಸಿ ನಿಲ್ಲಿಸಿ ತಿರುಗಿಸಬೇಕು. ನೂರು ಗ್ರಾಂ ಒಣಕಾಳಿಗೆ ಒಂದು ಲೀಟರಿನಷ್ಟು ನೀರು ನನ್ನ ಅಳತೆ. ತೆಳು ಬೇಕೆನ್ನುವವರು ಆಮೇಲೆ ಬೆರೆಸಿಕೊಳ್ಳಲಿ.

ಸೋಸುವುದು ಕುದಿಸುವ ಮೊದಲೋ ಆಮೇಲೋ ಎಂಬುದರಲ್ಲಿ ಎರಡು ಪಂಥಗಳಿವೆ. ನನ್ನದು ಮೊದಲೇ ಸೋಸುವ ಪಂಥ. ಕಾರಣ ರುಚಿಯಲ್ಲ, ಕಾವಲು. ಹಾಲು ಒಮ್ಮೆ ಕುದಿದ ಮೇಲೆ ಅದಕ್ಕೆ ಅರಿವೆಯಾಗಲಿ ಕೈಯಾಗಲಿ ಸೋಕಕೂಡದು. ನೋಡಲು ಎಷ್ಟೇ ಬೆಳ್ಳಗಿದ್ದರೂ ಸೋಸುವ ಅರಿವೆಯ ಎಳೆಗಳಲ್ಲಿ ನಿನ್ನೆಯದೇನೋ ಉಳಿದಿರುತ್ತದೆ.

ಇನ್ನು ಕುದಿ. ಇದರಷ್ಟು ಸುಳ್ಳು ಹೇಳುವ ಹಾಲು ಮತ್ತೊಂದಿಲ್ಲ. ಪಾತ್ರೆ ಒಲೆಯ ಮೇಲಿಟ್ಟು ಸ್ವಲ್ಪ ಹೊತ್ತಿಗೆ ನೊರೆ ದಬದಬನೆ ಅಂಚಿಗೆ ಏರುತ್ತದೆ. ಕುದಿ ಬಂತೆಂದು ಇಳಿಸಿದರೆ ಕೆಟ್ಟಿರಿ. ಅದು ಬರೀ 80 ಡಿಗ್ರಿ ಆಸುಪಾಸಿನ ಸೋಗು. ಅಂಟುವಾಳಕ್ಕೆ ನೊರೆ ಕೊಡುವ ಸ್ಯಾಪೊನಿನ್ ಜಾತಿಯ ಪದಾರ್ಥ ಸೋಯಾದಲ್ಲೂ ಇದೆ, ಉಕ್ಕಿಸುವುದು ಅದು. ಉರಿ ತಗ್ಗಿಸಿ, ಸೌಟಿನಿಂದ ನೊರೆ ಮುರಿದು, ತಳ ಹತ್ತದಂತೆ ಕೈಯಾಡಿಸುತ್ತಾ ನಿಜವಾದ ಕುದಿ ಬಂದ ಮೇಲೂ ಹತ್ತು ನಿಮಿಷ ಬೇಯಿಸಬೇಕು. ಹಸಿ ಸೋಯಾದಲ್ಲಿ ನಮ್ಮ ಹೊಟ್ಟೆ ಪ್ರೋಟೀನು ಜೀರ್ಣಿಸದಂತೆ ಅಡ್ಡ ನಿಲ್ಲುವ ಪದಾರ್ಥಗಳಿವೆ. ಅರೆಬೆಂದ ಹಾಲು ಕುಡಿದವರಿಗೆ ಹೊಟ್ಟೆ ತೊಳಸಿ ವಾಂತಿಯಾಗುವುದು ಅವುಗಳಿಂದ. ಪೂರಾ ಬೆಂದರೆ ಅವುಗಳ ಬಹುಪಾಲು ಆಟ ಮುಗಿಯುತ್ತದೆ.

ಕುದಿದ ಹಾಲನ್ನು ಕಟ್ಟೆಯ ಮೇಲಿಟ್ಟು ಆರಲೆಂದು ಬಿಡುವುದು ನಮ್ಮೆಲ್ಲರ ಕೈಗೆ ಕೂತ ಅಭ್ಯಾಸ. ಈ ಹಾಲಿನ ಮಟ್ಟಿಗೆ ಆ ಎರಡು ಮೂರು ತಾಸಿನಷ್ಟು ಅಪಾಯದ ಹೊತ್ತು ಬೇರೆ ಇಲ್ಲ. ಕುದಿಯಲ್ಲಿ ಬದುಕಿರುವ ಸೂಕ್ಷ್ಮಜೀವಿಗಳು ಸತ್ತರೂ ಕೆಲವು ಬ್ಯಾಕ್ಟೀರಿಯಾಗಳ ಬೀಜಕಗಳು ಗಟ್ಟಿ ಕವಚ ತೊಟ್ಟು ನೂರು ಡಿಗ್ರಿಯನ್ನೂ ದಾಟಿ ಬರುತ್ತವೆ. ಹಾಲು ಉಗುರುಬೆಚ್ಚಗಾಗುವುದನ್ನೇ ಕಾದಿದ್ದು ಆಮೇಲೆ ಚಿಗುರುತ್ತವೆ. ಹಾಗಾಗಿ ಹಾಲನ್ನು ಬಿಸಿಯಿಂದ ತಣ್ಣಗೆ ಓಡಿಸಬೇಕು, ನಡುವೆ ಕೂರಲು ಬಿಡಬಾರದು. ನನ್ನ ಬಳಿ ಅರ್ಧ ಲೀಟರಿನ ಸ್ಟೀಲು ಬಾಟಲಿಗಳಿವೆ. ಗಾಜು ನೋಡಲು ಚೆಂದ, ವಾಸನೆ ಹಿಡಿಯುವುದಿಲ್ಲ, ಎಲ್ಲ ನಿಜ. ಆದರೆ ಬಿಸಿಹಾಲು ತುಂಬಿದ ಗಾಜನ್ನು ತಣ್ಣೀರಿಗೆ ಇಳಿಸುವ ಧೈರ್ಯ ನನಗಿಲ್ಲ. ಕುದಿನೀರಿನಲ್ಲಿ ಅದ್ದಿ ತೆಗೆದ ಸ್ಟೀಲು ಬಾಟಲಿಗೆ ಹೊಗೆಯಾಡುವ ಹಾಲನ್ನೇ ಸುರಿದು, ಮುಚ್ಚಳ ಬಿಗಿದು, ಹಿತ್ತಲಿನ ಕಲ್ಲಿನ ದೋಣಿಯಲ್ಲಿ ಕುತ್ತಿಗೆಮಟ್ಟ ನಿಲ್ಲಿಸುತ್ತೇನೆ. ಧಾರವಾಡದ ಚಳಿಗಾಲದಲ್ಲಿ ದೋಣಿಯ ನೀರೇ ಸಾಕು. ಬೇಸಿಗೆಯಲ್ಲಿ ಐಸು ಹಾಕಬೇಕು. ಬಾಟಲಿಯನ್ನು ಆಗಾಗ ತಿರುವುತ್ತಾ ಅದರ ಮೈ ಬಿಸಿ ಬಿಟ್ಟುಕೊಡುವುದನ್ನು ಅಂಗೈಯಲ್ಲಿ ಅರಿಯುವುದು ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಇಷ್ಟವಾದ ಭಾಗ. ದೊಡ್ಡ ಬಾಟಲಿ ಬೇಡ ಎನ್ನುವುದಕ್ಕೂ ಕಾರಣವಿದೆ: ಪ್ರತಿ ಸಲ ಮುಚ್ಚಳ ತೆಗೆದಾಗಲೂ ಒಳಗೆ ಹೊಸ ಅತಿಥಿಗಳು ಇಳಿಯುತ್ತಾರೆ. ಅಂದಿನ ಬಾಟಲಿ ಅಂದಿಗೇ ಮುಗಿಯಲಿ.

ಫ್ರಿಜ್ಜಿನ ಬಾಗಿಲಲ್ಲಿ ಬಾಟಲಿಗೆಂದೇ ಗೂಡು ಮಾಡಿದವರು ಯಾರೋ, ಹಾಲಿನ ವೈರಿಗಳಿರಬೇಕು. ತೆಗೆದು ಹಾಕುವಾಗೆಲ್ಲ ಬೆಚ್ಚನೆ ಗಾಳಿ ಬಡಿಯುವ ಜಾಗ ಅದು. ಹಾಲಿನ ಜಾಗ ಹಿಂದುಗಡೆ, ನಾಲ್ಕು ಡಿಗ್ರಿಯ ಆಸುಪಾಸಿನಲ್ಲಿ. ಕರೆಂಟು ಹೋದಾಗ ಬಾಗಿಲು ತೆರೆದು ಇಣುಕದಿದ್ದರೆ ನಾಲ್ಕು ತಾಸು ಚಿಂತೆಯಿಲ್ಲ. ಇಷ್ಟು ಮಾಡಿದರೆ ಮೂರು ದಿನ ಧೈರ್ಯವಾಗಿ ಕುಡಿಯಬಹುದು. ತಳದಲ್ಲಿ ಬಿಳಿ ಗಸಿ ಕೂತರೆ ಹೆದರಬೇಕಿಲ್ಲ, ಕುಲುಕಿದರೆ ಬೆರೆಯುತ್ತದೆ. ಹೆದರಬೇಕಾದದ್ದು ಲೋಳೆಗೆ, ಎಳೆಎಳೆಯಾಗಿ ಇಳಿಯುವ ಧಾರೆಗೆ, ನಾಲಿಗೆಯ ತುದಿಗೆ ತಾಗುವ ಕಹಿಗೆ. ಆಕಳ ಹಾಲು ಹೆಚ್ಚಾಗಿ ಡಂಗುರ ಸಾರಿಯೇ ಕೆಡುತ್ತದೆ: ಹುಳಿ ನಾತ, ಕಾಸಿದರೆ ಒಡಕು. ಸೋಯಾ ಹಾಲು ಸದ್ದಿಲ್ಲದೆ ಕೆಡಬಲ್ಲದು. ಅದಕ್ಕೇ ಮೂಗಿನ ಮಾತಿಗಿಂತ ಬಾಟಲಿಗೆ ಅಂಟಿಸಿದ ತಾರೀಖಿನ ಮಾತು ದೊಡ್ಡದು.

ಈ ಚಡಪಡಿಕೆ ಹೊಸತಲ್ಲ. ಚೀನಾದಲ್ಲಿ ಇದು ಬೆಳಗಿನ ಪೇಯ. ನಸುಕಿನಲ್ಲಿ ರುಬ್ಬಿ ಕಾಸಿದ್ದು ಎಣ್ಣೆಯಲ್ಲಿ ಕರಿದ ಉದ್ದನೆಯ ರೊಟ್ಟಿಯ ಜೊತೆ ನಾಷ್ಟಾ ಹೊತ್ತಿಗೇ ಖರ್ಚಾಗುತ್ತದೆ. ಕೂಡಿಡುವ ಪ್ರಶ್ನೆಯೇ ಏಳುವುದಿಲ್ಲ. ಅದನ್ನು ಬಾಟಲಿಗೆ ತುಂಬಿ ಮನೆಮನೆಗೆ ಕಳಿಸಲು ಹೊರಟಾಗ ತೊಂದರೆ ಶುರು. 1940ರಲ್ಲಿ ಹಾಂಗ್‌ಕಾಂಗ್‌ನಲ್ಲಿ ಕೆ.ಎಸ್. ಲೋ ಅವರು ವಿಟಾಸಾಯ್ ಶುರುಮಾಡಿ ಸೈಕಲ್ ಮೇಲೆ ಹಾಲು ಕಳಿಸಿದರು. ಮೊದಲ ದಿನ ಹೋದದ್ದು ಒಂಬತ್ತು ಬಾಟಲಿ. ಮನೆಗಳಲ್ಲಿ ಫ್ರಿಜ್ಜಿಲ್ಲದ ಕಾಲ, ಸೆಕೆಯ ಊರು. ಬಾಟಲಿಯಲ್ಲೇ ಕ್ರಿಮಿನಾಶ ಮಾಡಿ ಹೊರಗಿಟ್ಟರೂ ಕೆಡದಂತೆ ಮಾಡಲು 1953ರವರೆಗೆ ಕಾಯಬೇಕಾಯಿತು. 1975ರಲ್ಲಿ ಕಾಗದದ ಟೆಟ್ರಾ ಪ್ಯಾಕ್ ಬಂತು. 140 ಡಿಗ್ರಿಯ ಹತ್ತಿರ ಕೆಲವೇ ಸೆಕೆಂಡು ಕಾಸಿ ಗಾಳಿಯಾಡದಂತೆ ತುಂಬಿದ ಅಂಥ ಹಾಲು ತಿಂಗಳುಗಟ್ಟಲೆ ಕಪಾಟಿನಲ್ಲಿ ಕೂರುತ್ತದೆ, ಕತ್ತರಿ ಬೀಳುವವರೆಗೆ. ಬಿದ್ದ ಮೇಲೆ ಅದಕ್ಕೂ ಫ್ರಿಜ್ಜೇ ಗತಿ. ಅನುಕೂಲವೆಂಬುದರಲ್ಲಿ ಎರಡು ಮಾತಿಲ್ಲ. ಆದರೆ ವೆನಿಲಾ ಬೆರೆತ ಆ ಸಿಹಿಯಲ್ಲಿ ಕಾಳು ಎಲ್ಲಿದೆ ಎಂದು ಹುಡುಕಬೇಕಾಗುತ್ತದೆ.

ಹಾಲನ್ನೇ ಫ್ರೀಜರಿಗೆ ಹಾಕಬಹುದೇ ಎಂದು ಕೇಳುವವರಿದ್ದಾರೆ. ಕೆಡುವುದಿಲ್ಲ, ಆದರೆ ಕರಗಿದಾಗ ನೀರು ಬೇರೆ, ಹರಳು ಬೇರೆ. ಕುರ್ಮಕ್ಕೆ ಸುರಿಯಲು ಅಡ್ಡಿಯಿಲ್ಲ, ಲೋಟಕ್ಕಲ್ಲ. ಎರಡನೇ ದಿನಕ್ಕೆ ಹಾಲು ಮಿಕ್ಕಿತೆಂದರೆ ನಾನು ಹೆಪ್ಪು ಹಾಕುತ್ತೇನೆ. ಹಸಿಮೆಣಸಿನಕಾಯಿಯ ನಾಲ್ಕು ತೊಟ್ಟು ಬಿಟ್ಟು ಬೆಚ್ಚಗೆ ಮುಚ್ಚಿಟ್ಟರೆ ಇದೂ ಗಟ್ಟಿಯಾಗುತ್ತದೆ. ಆ ಮೊದಲ ಮೊಸರನ್ನು ಹೆಪ್ಪಿಗೇ ಇಟ್ಟುಕೊಂಡು ಎರಡನೆಯದನ್ನು ಊಟಕ್ಕೆ ಬಡಿಸುವುದು ಸರಿ. ಒಗ್ಗರಣೆ ಬಿದ್ದ ಮೇಲೆ ಯಾವ ಮೊಸರೆಂದು ಯಾರೂ ವಿಚಾರಿಸುವುದಿಲ್ಲ.

ಕಾಫಿಯ ವಿಷಯದಲ್ಲಿ ಮಾತ್ರ ಈ ಹಾಲು ಹಟಮಾರಿ. ಕಾಫಿಯ ಹುಳಿಯೂ ಬಿಸಿಯೂ ಒಟ್ಟಿಗೆ ಎರಗಿದರೆ ಅದರ ಪ್ರೋಟೀನು ಮುದ್ದೆಗಟ್ಟಿ ಲೋಟದಲ್ಲೇ ಪನೀರಾಗುತ್ತದೆ. ತಣ್ಣನೆ ಹಾಲನ್ನು ಕುದಿಯುವ ಡಿಕಾಕ್ಷನ್ನಿಗೆ ಸುರಿಯದೆ, ಹಾಲನ್ನು ಬೆಚ್ಚಗೆ ಮಾಡಿ, ಸ್ವಲ್ಪ ಆರಿದ ಡಿಕಾಕ್ಷನ್ನನ್ನು ಅದಕ್ಕೆ ನಿಧಾನವಾಗಿ ಹನಿಸಬೇಕು. ಕಡು ಹುರಿದ ಪುಡಿಯಾದರೆ ಹುಳಿ ಕಡಿಮೆ, ಜಗಳವೂ ಕಡಿಮೆ. ಇಲ್ಲಿ ಇನ್ನೊಂದು ಲಾಭವೂ ಇದೆ: ಹಾಲು ಹುಳಿಯತ್ತ ವಾಲಿದ್ದರೆ ನಾಲಿಗೆಗೆ ತಿಳಿಯುವ ಮೊದಲೇ ಕಾಫಿ ಅದನ್ನು ಒಡೆದು ತೋರಿಸುತ್ತದೆ.

ಅರಿವೆಯಲ್ಲಿ ಉಳಿದ ಚರಟದ ಆಯುಷ್ಯ ಹಾಲಿಗಿಂತಲೂ ಗಿಡ್ಡ. ಹಸಿಯಾಗಿ ಬಿಟ್ಟರೆ ಸಂಜೆಗೆ ಹುಳಿ ನಾತ ಹೊಡೆಯುತ್ತದೆ, ಪೂರಾ ಬೆಂದಿರುವುದೂ ಇಲ್ಲ. ಅದಕ್ಕೆ ಸ್ವಲ್ಪ ತೊಗರಿಬೇಳೆ ತರಿ, ಸಬ್ಬಸಿಗೆ ಸೊಪ್ಪು, ಹಸಿಮೆಣಸು, ತೆಂಗಿನತುರಿ, ಉಪ್ಪು ಸೇರಿಸಿ ಉಂಡೆ ಕಟ್ಟಿ ಹಬೆಯಲ್ಲಿ ಅರ್ಧ ತಾಸು ಬೇಯಿಸಿದರೆ ನುಚ್ಚಿನುಂಡೆ. ಅತ್ತೆಯವರಿಗೆ ಇದರ ಮೇಲೆ ತುಪ್ಪ ಬೇಕು, ಅದೂ ಎಮ್ಮೆಯದ್ದು.