ಬೀಗದ ಕೈ ಪಕ್ಕದ ಮನೆಯಲ್ಲಿ

ನಮ್ಮವ್ವನ ಸಂಘದ ಪೆಟ್ಟಿಗೆ ಇದ್ದದ್ದು ನಮ್ಮನೆಯಲ್ಲಿ, ಅದರ ಬೀಗದ ಕೈ ಇದ್ದದ್ದು ಪಕ್ಕದ ಮನೆಯಲ್ಲಿ. ಹೊಳಲ್ಕೆರೆ ತಾಲ್ಲೂಕಿನ ಸಣ್ಣ ಊರು ನಮ್ಮದು. ಪೆಟ್ಟಿಗೆ ಅಂದರೆ ಹಸಿರು ಬಣ್ಣದ ತಗಡಿನ ಟ್ರಂಕು. ದೇವರ ಗೂಡಿನ ಕೆಳಗೆ, ರಾಗಿ ಚೀಲದ ಮಗ್ಗುಲಿಗೆ ಅದರ ಜಾಗ. ಎತ್ತಿ ಅಲ್ಲಾಡಿಸಿದರೆ ಚಿಲ್ಲರೆ ಸದ್ದು ಕೇಳುತ್ತಿತ್ತು. ಹಬ್ಬದ ಹಿಂದಿನ ದಿನ ಎಣ್ಣೆಗೆ ಕಾಸಿಲ್ಲದೆ ಪರದಾಡುವಾಗಲೂ ಅವ್ವ ಆ ಕಡೆ ತಿರುಗುತ್ತಿರಲಿಲ್ಲ. ತಿರುಗಿ ಮಾಡುವುದಾದರೂ ಏನು, ಕೈ ಇನ್ನೊಬ್ಬಾಕೆಯ ಸೊಂಟದಲ್ಲಿ. ಅವರ ಮನೆಯಲ್ಲೂ ಎಣ್ಣೆಗೆ ಇದೇ ತಾಪತ್ರಯ; ಆಕೆಯ ಹತ್ತಿರ ಕೈ ಇತ್ತು, ಪೆಟ್ಟಿಗೆ ಇರಲಿಲ್ಲ.

ನಾನಾಗ ಹೈಸ್ಕೂಲು. ಸಂಘದವರಲ್ಲಿ ಸಹಿ ಹಾಕಲು ಬರುತ್ತಿದ್ದವರೇ ಕಡಿಮೆಯಾದ್ದರಿಂದ ನಡಾವಳಿ ಪುಸ್ತಕ ಬರೆಯುವ ಕೆಲಸ ನನ್ನ ಪಾಲಿಗೆ ಬಂತು. ಮಂಗಳವಾರ ರಾತ್ರಿ ಉಂಡ ಮೇಲೆ ಮಾರಮ್ಮನ ಗುಡಿ ಕಟ್ಟೆಯ ಮೇಲೆ ಎಲ್ಲರೂ ದುಂಡಗೆ ಕೂರುತ್ತಿದ್ದರು, ನಡುವೆ ಒಂದು ಲಾಟೀನು. ಮೊದಲು ಪ್ರಾರ್ಥನೆ, ಆಮೇಲೆ ಹಾಜರಿ, ಆಮೇಲೆ ಒಬ್ಬೊಬ್ಬರೇ ಸೆರಗಿನ ಗಂಟು ಬಿಚ್ಚಿ ಉಳಿತಾಯ ಕಟ್ಟುವುದು. ತಡವಾಗಿ ಬಂದರೆ ನಾಲ್ಕಾಣೆ ದಂಡ. ಹೇಳದೆ ಕೇಳದೆ ತಪ್ಪಿಸಿದರೆ ಒಂದು ರೂಪಾಯಿ. ಒಮ್ಮೆ ಒಬ್ಬಾಕೆ ಏದುಸಿರು ಬಿಡುತ್ತಾ ಬಂದು ‘ಎಮ್ಮೆ ಹಿಂಡೋದು ತಡ ಆತು ಕಣ್ರವ್ವ’ ಅಂದಳು. ಮೂಲೆಯಿಂದ ಇನ್ನೊಬ್ಬಾಕೆ, ‘ಹಂಗಾರೆ ದಂಡ ಎಮ್ಮೆ ಹೆಸ್ರಿಗೆ ಬರಿಯಪ್ಪಾ, ಹಾಲಿನ ದುಡ್ಡಲ್ಲಿ ಮುರ್ಕಂತೀವಿ’ ಅಂದಳು. ಎಲ್ಲರೂ ನಕ್ಕರು. ನಾಲ್ಕಾಣೆ ಮಾತ್ರ ಬಿಡಲಿಲ್ಲ.

ನಾನು ಬರೆದ ಸಾಲದ ಪುಟಗಳಲ್ಲಿ ‘ಕಾರಣ’ ಅಂತ ಒಂದು ಕಲಂ ಇತ್ತು. ಅದರಲ್ಲಿ ಒಬ್ಬಾಕೆ ‘ಮನೆಗೆ ಹೆಂಚು’ ಎಂದು ಬರೆಸಿದ್ದಳು. ಆ ಮನೆ ಪ್ರತಿ ಮಳೆಗಾಲವೂ ಸೋರುವುದು ಊರಿಗೆಲ್ಲ ಗೊತ್ತು. ‘ಈ ಸುಗ್ಗಿ ಮುಗೀಲಿ’ ಅನ್ನುತ್ತ ಆಕೆಯ ಗಂಡ ಎಷ್ಟೋ ಸುಗ್ಗಿ ಕಳೆದಿದ್ದ. ಸಾಲ ಕೊಟ್ಟ ಮುಂದಿನ ಮಂಗಳವಾರ ಕೂತ ಕೂಡಲೇ ಒಬ್ಬಾಕೆ ಕೇಳಿದಳು, ‘ಹೆಂಚು ಬಂತೇನೆ?’ ಅದರ ಮುಂದಿನ ವಾರ ಇನ್ನೊಬ್ಬಾಕೆ. ಮೂರನೇ ವಾರ ಯಾರೂ ಕೇಳಲಿಲ್ಲ, ಇಬ್ಬರು ಹೋಗಿ ನೋಡಿಕೊಂಡೇ ಬಂದಿದ್ದರು. ಮುಂಗಾರಿನ ಮೊದಲ ಹದ ಮಳೆಗೆ ಮುಂಚೆ ಆ ಮನೆಗೆ ಹೆಂಚು ಕೂತಿತು. ಗಂಡನಿಗೆ ಜ್ಞಾನೋದಯವೇನೂ ಆಗಿರಲಿಲ್ಲ. ಪ್ರತಿ ಮಂಗಳವಾರ ಹೆಂಡತಿ ತಲೆ ತಗ್ಗಿಸಿ ಮನೆಗೆ ಬರುವುದನ್ನು ನೋಡಲಾಗದೆ ಗಾಡಿ ಹೂಡಿದ್ದ, ಅಷ್ಟೆ.

ಇದೆಲ್ಲ ನಮ್ಮೂರ ಕಟ್ಟೆಯ ಮೇಲೆ ಹುಟ್ಟಿದ ಉಪಾಯ ಎಂದೇ ನಾನು ಬಹಳ ಕಾಲ ತಿಳಿದಿದ್ದೆ. ಅದಕ್ಕೊಂದು ಚರಿತ್ರೆ ಇದೆ ಎಂದು ಗೊತ್ತಾದದ್ದು ಆಮೇಲೆ. 1968ರಲ್ಲಿ ಟಿಬೆಟ್ ನಿರಾಶ್ರಿತರಿಗೆ ನೆಲೆ ಕಲ್ಪಿಸಲೆಂದು ಹುಟ್ಟಿದ ಮೈರಾಡ ಸಂಸ್ಥೆ ಬರಬರುತ್ತಾ ಹಳ್ಳಿಗಳ ಕೆಲಸಕ್ಕೆ ಇಳಿಯಿತು. ನಮ್ಮ ಹೊಳಲ್ಕೆರೆ ಸೀಮೆಯಲ್ಲೂ ಅದರ ಯೋಜನೆ ಇತ್ತು. ಅದು ಕಟ್ಟಿದ ದೊಡ್ಡ ಸಹಕಾರ ಸಂಘಗಳಲ್ಲಿ ಕೆಲವು 1984-85ರ ಹೊತ್ತಿಗೆ ಮುರಿದುಬಿದ್ದವು. ಮುಖಂಡರ ಮೇಲೆ ಸದಸ್ಯರಿಗೆ ನಂಬಿಕೆ ಹೋಗಿತ್ತು. ಆಗ ಜನ ಸಣ್ಣ ಸಣ್ಣ ಗುಂಪಾಗಿ ಬಂದು, ಸಾಲ ತೀರಿಸುತ್ತೇವೆ, ಆದರೆ ಆ ಸೊಸೈಟಿಗಲ್ಲ ಅಂದರಂತೆ. ಹಾಗಾದರೆ ನಿಮ್ಮ ನಿಮ್ಮಲ್ಲೇ ಗುಂಪು ಮಾಡಿಕೊಳ್ಳಿ ಎಂದಾಯಿತು. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆಂದು ಮೈರಾಡಕ್ಕೆ 10 ಲಕ್ಷ ರೂಪಾಯಿ ಕೊಟ್ಟಿತು; 1992ರಲ್ಲಿ ದೇಶದ 500 ಗುಂಪುಗಳನ್ನು ಬ್ಯಾಂಕುಗಳಿಗೆ ಜೋಡಿಸುವ ಕಾರ್ಯಕ್ರಮ ಹಾಕಿಕೊಂಡಿತು. ಕರ್ನಾಟಕ ಸರ್ಕಾರ 2000-01ರಲ್ಲಿ ಸ್ತ್ರೀಶಕ್ತಿ ಎಂಬ ಹೆಸರಿನಲ್ಲಿ ಅದನ್ನು ಊರೂರಿಗೆ ಒಯ್ದಿತು. ಸಾವಿರ ಜನರ ಸೊಸೈಟಿಯಲ್ಲಿ ಯಾರೂ ಯಾರನ್ನೂ ‘ಹೆಂಚು ಬಂತೇನೆ’ ಎಂದು ಕೇಳುವುದಿಲ್ಲ. ಹದಿನೈದು ಇಪ್ಪತ್ತು ಜನ ಇದ್ದರೆ ಕೇಳದೆ ಬಿಡುವುದಿಲ್ಲ.

ಸಂಘಗಳು ಬರುವುದಕ್ಕೂ ಮೊದಲು ಇದೇ ಕೆಲಸ ಬೇರೆ ವೇಷದಲ್ಲಿ ನಡೆಯುತ್ತಿತ್ತು. ಹೊಸದುರ್ಗದ ಕಡೆಯ ನಮ್ಮ ಅಜ್ಜನ ಊರಲ್ಲಿ ಮುಯ್ಯಾಳಿನ ಲೆಕ್ಕ. ಇವತ್ತು ನಿಮ್ಮ ಹೊಲದ ರಾಗಿ ಕೊಯ್ಲಿಗೆ ನಾವು, ನಾಡಿದ್ದು ನಮ್ಮ ಹೊಲಕ್ಕೆ ನೀವು. ಬೆಳಕು ಹರಿಯುವ ಹೊತ್ತಿಗೆ ಹತ್ತು ಜನ ಕುಡುಗೋಲು ಹಿಡಿದು ಅಂಗಳದಲ್ಲಿ ನಿಂತರೆ ‘ಇನ್ನೊಂದೆರಡು ದಿನ ಬಿಟ್ಟು ನೋಡಾನ’ ಅನ್ನಲು ಯಾವ ಗೌಡನಿಗೂ ಬಾಯಿ ಬರುವುದಿಲ್ಲ. ಹಿರಿಯೂರಿನ ನಮ್ಮ ಸೋದರಮಾವನ ಪಾಲಿಗೆ ಆ ಹತ್ತು ಜನರ ಕೆಲಸವನ್ನು ಕಾಲುವೆ ನೀರಿನ ಸರದಿ ನೋಡುವ ನೀರುಗಂಟಿ ಒಬ್ಬನೇ ಮಾಡುತ್ತಿದ್ದ. ಮಾವನದು ಮಾರಿಕಣಿವೆಯ ಅಚ್ಚುಕಟ್ಟು. 1898ರಲ್ಲಿ ಕಟ್ಟಲು ಹಿಡಿದು 1907ರಲ್ಲಿ ಮುಗಿಸಿದ ಅಲ್ಲಿನ ಅಣೆಕಟ್ಟು, ವಾಣಿವಿಲಾಸ ಸಾಗರ, ತಾನು ಕೋಡಿ ಬೀಳುವುದಕ್ಕೆ ಮಾತ್ರ ಯಾರ ಅವಸರಕ್ಕೂ ಸೊಪ್ಪು ಹಾಕಿದ್ದಲ್ಲ. 1933ರಲ್ಲಿ ಒಮ್ಮೆ, ಆಮೇಲೆ 2022ರಲ್ಲಿ, ಆಮೇಲೆ 2025ರ ಜನವರಿಯಲ್ಲಿ. ಆದರೆ ಕಾಲುವೆಗೆ ನೀರು ಬಿಟ್ಟಾಗ ಮಾವನ ಸರದಿ ನಡುರಾತ್ರಿಗೆ ಬಂದರೆ ನಡುರಾತ್ರಿಗೇ ಗುದ್ದಲಿ, ಬ್ಯಾಟರಿ ಹಿಡಿದು ಹೋಗಬೇಕು. ಮಲಗಿದರೆ ನೀರು ಮುಂದಿನ ತೋಟದ ಪಾಲು. ಹಗಲೆಲ್ಲ ಜಗುಲಿ ಬಿಟ್ಟು ಏಳದ ಮಾವ ಸರದಿಗೆ ಒಮ್ಮೆಯೂ ತಪ್ಪಿದ್ದನ್ನು ನಾನು ಕಂಡಿಲ್ಲ.

ದೇವರಿಗೆ ಹರಕೆ ಹೊರುವುದೂ ಇದೇ ಜಾತಿಯದೇ. ಹೊಳಲ್ಕೆರೆಯ ಬಯಲು ಗಣಪತಿಗೆ ಹರಕೆ ಹೊತ್ತವರು ನಮ್ಮ ಬಳಗದಲ್ಲೇ ಬೇಕಾದಷ್ಟಿದ್ದಾರೆ. ಗಣಪ ತನಗೊಂದು ಸೂರೂ ಇಲ್ಲದೆ ಆಕಾಶದ ಕೆಳಗೆ ಕೂತವನು, ಭಾರೀ ಸಮಾಧಾನಿ. ಹರಿಶಿನದ ಬಟ್ಟೆಯಲ್ಲಿ ಮುಡಿಪು ಕಟ್ಟಿಟ್ಟು, ‘ತಪ್ಪಾಯ್ತಪ್ಪಾ, ಮುಂದಿನ ವರ್ಷ ಬತ್ತೀವಿ’ ಎಂದರೆ ಒಪ್ಪಿಕೊಳ್ಳುತ್ತಾನೆ. ನನ್ನ ಅನುಭವದಲ್ಲಿ ವಾಯಿದೆ ಕೊಡುವುದರಲ್ಲಿ ದೇವರಷ್ಟು ಧಾರಾಳಿ ಇನ್ನೊಬ್ಬನಿಲ್ಲ. ಮಾರಮ್ಮನ ಗುಡಿ ಕಟ್ಟೆಯ ಮೇಲೆ ಆ ಧಾರಾಳತನ ಗುಡಿಯೊಳಗಿನ ಮಾರಮ್ಮನಿಗಿತ್ತೇನೋ, ಹೊರಗೆ ಕೂತವರಿಗೆ ಇರಲಿಲ್ಲ.

ಬಾಜಿ ಕಟ್ಟುವುದೂ ಇದೇ ಸಾಲಿನದು. ನನ್ನ ಕಣ್ಣಿನಲ್ಲಿ ಈ ಸೀಮೆಯ ಅತಿ ಒಳ್ಳೆಯ ಬಾಜಿ ಐದು ರೂಪಾಯಿಯದು. ಕಾದಂಬರಿಕಾರ ತ.ರಾ. ಸುಬ್ಬರಾವ್ ಆಗ ಇನ್ನೂ ಹದಿನೇಳರ ಹುಡುಗ. ತಳುಕಿನ ಮನೆತನ, ದೊಡ್ಡಪ್ಪ ಟಿ.ಎಸ್. ವೆಂಕಣ್ಣಯ್ಯನವರು, ಅಷ್ಟು ದೊಡ್ಡ ವಿದ್ವಾಂಸರ ಎದುರು ಕತೆ ಬರೆಯುತ್ತೇನೆಂದು ಹುಡುಗ ಐದು ರೂಪಾಯಿ ಪಂಥ ಕಟ್ಟಿದನಂತೆ. ಹಾಗೆ ಹುಟ್ಟಿದ್ದು ‘ಪುಟ್ಟನ ಚೆಂಡು’. ಆ ಕಾಲದ ಐದು ರೂಪಾಯಿ ಸಣ್ಣ ಮೊತ್ತವಲ್ಲ, ಒಪ್ಪೋಣ. ಆದರೆ ಅದೇ ಐದು ರೂಪಾಯಿಯನ್ನು ಓಣಿಯ ಗೆಳೆಯನ ಜೊತೆ ಕಟ್ಟಿದ್ದರೆ ಕತೆ ಮುಗಿಯುತ್ತಿತ್ತೇ ಎಂಬುದು ನನ್ನ ಅನುಮಾನ. ಸೋತರೆ ದುಡ್ಡು ಹೋಗುತ್ತದೆ ಎನ್ನುವುದಕ್ಕಿಂತ, ಸೋತ ಮೇಲೂ ಅದೇ ದೊಡ್ಡಪ್ಪನ ಪಕ್ಕದಲ್ಲಿ ಕೂತು ಊಟ ಮಾಡಬೇಕಲ್ಲ ಎನ್ನುವುದು ಹೆಚ್ಚು ಕಾಡುವ ಸಂಗತಿ. ಹಿರಿಯರೂ ಅಷ್ಟೇ, ಹುಡುಗ ಬರೆಯಲಿ ಎಂಬ ಆಸೆ ಇಲ್ಲದಿದ್ದರೆ ಬಾಜಿಗೆ ಕೈ ಕೊಡುತ್ತಿರಲಿಲ್ಲ. ತಾವು ಸೋಲಬೇಕೆಂದೇ ಕಟ್ಟುವ ಬಾಜಿಗಳೂ ಲೋಕದಲ್ಲಿವೆ. ಅಲ್ಲಿಂದ ಹೊರಟ ಆ ಬರವಣಿಗೆ ಚಿತ್ರದುರ್ಗದ ಪಾಳೆಯಗಾರರ ಕತೆಗಳನ್ನು ಒಂದರ ಹಿಂದೊಂದು ಹೇಳುತ್ತ 1982ರಲ್ಲಿ ‘ದುರ್ಗಾಸ್ತಮಾನ’ದವರೆಗೆ ಬಂತು. 1984ರಲ್ಲಿ ತ.ರಾ.ಸು. ತೀರಿಕೊಂಡರು, ಆ ಕಾದಂಬರಿಗೆ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂದದ್ದು ಮರುವರ್ಷ.

ನನಗೆ ಅಂಥ ದೊಡ್ಡಪ್ಪ ಇರಲಿಲ್ಲ. ನೌಕರಿಯ ಮೇಲೆ ಚಿತ್ರದುರ್ಗಕ್ಕೆ ಬಂದು ನೆಲೆಸಿದ ಮೇಲೆ ನಾನು ಪ್ರತಿ ಯುಗಾದಿಗೂ ಎರಡು ಸಂಕಲ್ಪ ಮಾಡುತ್ತಿದ್ದೆ: ಬೆಳಿಗ್ಗೆ ಎದ್ದು ಕೋಟೆ ಹತ್ತುವುದು, ರಾತ್ರಿ ಮಲಗುವ ಮುಂಚೆ ಒಂದು ಪುಟ ಬರೆಯುವುದು. ‘ಮನಸ್ಸು ಗಟ್ಟಿ ಇರಬೇಕು, ಎಲ್ಲಾ ಒಳಗಿಂದ ಬರಬೇಕು’ ಎನ್ನುವ ಭಾಷಣ ಕೇಳಿ ಕೇಳಿ ನನಗೂ ಅದು ನಿಜವೆನಿಸಿತ್ತು. ಒಳಗಿಂದ ಬರುತ್ತಿದ್ದದ್ದು ಆಕಳಿಕೆ. ಮಗ ಬೆಂಗಳೂರಿನಿಂದ ಹೆಜ್ಜೆ ಎಣಿಸುವ ವಾಚೊಂದನ್ನು ಕಳಿಸಿದ. ಕೂತಲ್ಲೇ ಬಹಳ ಹೊತ್ತಾದರೆ ಮಣಿಕಟ್ಟಿನಲ್ಲಿ ಗುರ್ ಎನ್ನುವುದು ಅದರ ಸ್ವಭಾವ. ಒಂದು ದಿನ ಅಡುಗೆಮನೆಯಲ್ಲಿ ಮಜ್ಜಿಗೆ ಕಡೆಯುತ್ತ ಕೂತಿದ್ದಾಗ ಅದು ಭೇಷ್ ಎಂದು ಪಟಾಕಿ ಚಿತ್ರ ತೋರಿಸಿತು. ಅಂದಿನಿಂದ ಅದರ ಮೇಲಿನ ಭಯ ಹೋಯಿತು. ಮಜ್ಜಿಗೆಗೂ ಕೋಟೆಗೂ ವ್ಯತ್ಯಾಸ ತಿಳಿಯದ ಮೇಸ್ಟ್ರ ಮುಂದೆ ಯಾವ ಹುಡುಗ ತಾನೇ ಓದುತ್ತಾನೆ?

ಕೊನೆಗೆ ನನ್ನನ್ನು ಕೋಟೆ ಹತ್ತಿಸಿದ್ದು ನಮ್ಮ ಬೀದಿಯ ನಿವೃತ್ತ ಗುಮಾಸ್ತರೊಬ್ಬರು. ವೈದ್ಯರು ನಡೆಯಲೇಬೇಕು ಎಂದಿದ್ದರು, ಒಬ್ಬರೇ ಹೋಗಲು ಅವರಿಗೆ ಬೇಜಾರು. ‘ಆರಕ್ಕೆ ರಂಗಯ್ಯನ ಬಾಗಿಲ ಹತ್ರ ನಿಂತಿರ್ತೀನಿ ಸಾರ್, ನೀವು ಬರದಿದ್ರೆ ನಾನೂ ವಾಪಸ್ ಹೋಗಿ ಮಲಗ್ತೀನಿ’ ಅಂದರು. ಇದೊಂದು ಬಗೆಯ ಬೆದರಿಕೆ. ನನ್ನ ಸೋಮಾರಿತನಕ್ಕೆ ನನ್ನ ತೂಕ ಏರಿದರೆ ಅದು ನನ್ನ ಖಾಸಗಿ ವಿಷಯ; ಅವರ ಸಕ್ಕರೆ ಏರಿದರೆ ಹಾಗಲ್ಲ. ಈಗ ನಾಲ್ಕೈದು ಜನ ಸೇರಿಕೊಂಡಿದ್ದೇವೆ. ಏಕನಾಥೇಶ್ವರಿ ಗುಡಿಯವರೆಗೆ ಹೋಗಿ, ಗೋಪಾಲಸ್ವಾಮಿ ಹೊಂಡದ ದಂಡೆಯಲ್ಲಿ ಸುಧಾರಿಸಿಕೊಂಡು, ಬಂಡೆ ಕಾಯುವ ಮುಂಚೆ ಇಳಿದುಬಿಡುತ್ತೇವೆ. ಕಾರಣವಿಲ್ಲದೆ ತಪ್ಪಿಸಿದವರು ಶನಿವಾರ ಸಂಜೆ ಎಲ್ಲರಿಗೂ ಮಂಡಕ್ಕಿ ಮೆಣಸಿನಕಾಯಿ ಕೊಡಿಸಬೇಕು. ನಡೆದು ಕರಗಿಸಿದ್ದನ್ನೆಲ್ಲ ದಂಡದ ರೂಪದಲ್ಲಿ ವಾಪಸ್ ತಿನ್ನುತ್ತೇವೆ ಎಂದು ನನ್ನ ಹೆಂಡತಿ ಆಡಿಕೊಳ್ಳುತ್ತಾಳೆ. ಅದೂ ನಿಜವೇ.

ಇಷ್ಟು ವರ್ಷ ಹತ್ತಿದ ಮೇಲೂ ಈ ಅಭ್ಯಾಸ ‘ನನ್ನದು’ ಆಗಿಲ್ಲ. ಗುಮಾಸ್ತರು ಮಗಳ ಮನೆಗೆ ಹೋದ ವಾರ ನಾನು ಏಳು ಗಂಟೆಯವರೆಗೆ ಹೊದ್ದು ಮಲಗುತ್ತೇನೆ. ಮೊದಲು ಇದರಿಂದ ಮುಜುಗರವಾಗುತ್ತಿತ್ತು, ಈಗ ಆಗುವುದಿಲ್ಲ. ನಮ್ಮವ್ವನೂ ಸಂಘ ಇಲ್ಲದಿದ್ದರೆ ವಾರ ವಾರ ದುಡ್ಡು ಎತ್ತಿಡುತ್ತಿರಲಿಲ್ಲ, ಮಾವನೂ ನೀರುಗಂಟಿ ಇಲ್ಲದಿದ್ದರೆ ನಡುರಾತ್ರಿ ಏಳುತ್ತಿರಲಿಲ್ಲ. ಅಭ್ಯಾಸ ಒಬ್ಬರೊಳಗೇ ಬೇರು ಬಿಡಬೇಕು, ಆಗಲೇ ಅದು ಅಸಲಿ ಎಂದು ಯಾರು ಹೇಳಿದರೋ. ಇಬ್ಬರ ನಡುವೆ ಬದುಕಿದ್ದರೂ ಮೊಣಕಾಲಿಗೆ ಸಿಗುವ ಲಾಭ ಒಂದೇ.

ಹೀಗೆ ಹೊರಗಿನ ಕಟ್ಟಿಗೆ ಒಪ್ಪಿಕೊಂಡವರು ನಮ್ಮ ಸೀಮೆಯಲ್ಲಷ್ಟೇ ಇಲ್ಲ. ದೂರದ ಫಿಲಿಪ್ಪೀನ್ಸಿನಲ್ಲಿ ಮೂವರು ಅರ್ಥಶಾಸ್ತ್ರಜ್ಞರು, ನಾವಾ ಅಶ್ರಫ್, ಡೀನ್ ಕಾರ್ಲನ್, ವೆಸ್ಲಿ ಯಿನ್, ಒಂದು ಗ್ರಾಮೀಣ ಬ್ಯಾಂಕಿನ ಜೊತೆ ಸೇರಿ ಮಾಡಿದ ಪ್ರಯೋಗ 2006ರಲ್ಲಿ ಪ್ರಕಟವಾಯಿತು. ತಾವೇ ಗೊತ್ತುಮಾಡಿದ ತಾರೀಖು ಅಥವಾ ಮೊತ್ತ ಮುಟ್ಟುವವರೆಗೆ ದುಡ್ಡು ತೆಗೆಯಲಾಗದ ಖಾತೆ ಅದು. ಜೊತೆಗೆ ಬೇಕಾದವರಿಗೆ ಮನೆಯಲ್ಲಿಡಲು ಒಂದು ಪೆಟ್ಟಿಗೆ, ಅದರ ಬೀಗದ ಕೈ ಬ್ಯಾಂಕಿನಲ್ಲಿ! ಕೇಳಿದವರಲ್ಲಿ ನೂರಕ್ಕೆ 28 ಮಂದಿ ಮಾತ್ರ ಒಪ್ಪಿದರು. ಆದರೂ ಈ ಅವಕಾಶ ಸಿಕ್ಕ ಗುಂಪಿನ ಸರಾಸರಿ ಉಳಿತಾಯ, ಸಿಗದವರಿಗೆ ಹೋಲಿಸಿದರೆ, ವರ್ಷದ ಹೊತ್ತಿಗೆ ಶೇಕಡ 81ರಷ್ಟು ಹೆಚ್ಚಿತ್ತು. ಓದಿದಾಗ ನನಗೆ ಹೆಮ್ಮೆಯೇ ಆಯಿತು. ಈ ಪ್ರಯೋಗದ ಫಲಿತಾಂಶವನ್ನು ನಾನು ಲಾಟೀನಿನ ಬೆಳಕಿನಲ್ಲಿ ಎಂದೋ ಬರೆದಿಟ್ಟಿದ್ದೆ.

ಹಾಗೆಂದು ಹೊರಗಿನ ಕಣ್ಣೆಲ್ಲ ಒಳ್ಳೆಯದು ಎನ್ನಲಾರೆ. ಸಂಘದ ದುಂಡನೆಯ ಕೂಟವನ್ನೇ ನಕಲು ಮಾಡಿ ಸಾಲ ಕೊಡುವ ಕಂಪನಿಗಳು ಬಂದವು. ಅಲ್ಲೂ ಗುಂಪು, ಅಲ್ಲೂ ವಾರದ ಕಂತು. ಆದರೆ ಕೇಳಲು ಬರುವವನು ಮುಂದಿನ ವಾರ ತಾನು ಯಾರಿಗೂ ಉತ್ತರ ಹೇಳಬೇಕಾಗಿಲ್ಲದವನು. ಬಾಗಿಲಲ್ಲಿ ಬೈಕು ನಿಲ್ಲಿಸಿ ಕೂಗಾಡುವ ವಸೂಲಿಗೆ ಹೆದರಿ ಊರು ಬಿಟ್ಟವರ, ಜೀವ ಕಳೆದುಕೊಂಡವರ ಸುದ್ದಿ ರಾಜ್ಯದ ಉದ್ದಕ್ಕೂ ಬಂದು, 2025ರ ಫೆಬ್ರವರಿಯಲ್ಲಿ ಸರ್ಕಾರ ಕಿರುಸಾಲದ ಕಿರುಕುಳ ತಡೆಯಲು ಸುಗ್ರೀವಾಜ್ಞೆ ತರಬೇಕಾಯಿತು. ‘ಹೆಂಚು ಬಂತೇನೆ’ ಎಂದು ಕೇಳಿದಾಕೆ ಮುಂದಿನ ವಾರ ‘ನಿನ್ನ ಕುರಿ ಏನಾತು’ ಎಂಬ ಪ್ರಶ್ನೆಗೆ ತಾನೂ ಉತ್ತರ ಕೊಡಬೇಕಿತ್ತು. ಅಷ್ಟು ಇಲ್ಲದಿದ್ದರೆ ಅದು ನಿಗರಾಣಿ ಅಲ್ಲ, ದರ್ಬಾರು.

ರಾತ್ರಿಯ ಒಂದು ಪುಟದ ಸಂಕಲ್ಪಕ್ಕೆ ಇನ್ನೂ ಜೊತೆಗಾರರು ಸಿಕ್ಕಿಲ್ಲ. ಬರೆಯುವ ಹಂಬಲ ಇದ್ದು, ಯುಗಾದಿಯಿಂದ ಯುಗಾದಿಗೆ ಮುಂದೂಡುತ್ತಿರುವವರು ನಿಮ್ಮಲ್ಲಿ ಯಾರಾದರೂ ಇದ್ದರೆ ಬೆಳಿಗ್ಗೆ ಆರಕ್ಕೆ ರಂಗಯ್ಯನ ಬಾಗಿಲ ಹತ್ತಿರ ಬನ್ನಿ. ನಿಮ್ಮ ಪುಟ ನಾನು ಓದುತ್ತೇನೆ, ನನ್ನದನ್ನು ನೀವು ಓದಬೇಕು. ಬರೆಯದೆ ಬಂದವರ ಲೆಕ್ಕದಲ್ಲಿ ಶನಿವಾರದ ಮಂಡಕ್ಕಿ ಮೆಣಸಿನಕಾಯಿ.